ಜೋಡಿಯಿಲ್ಲದ ಚೌಕ

ಆ ಕಾರ್ಖಾನೆಯಲ್ಲಿ ಧೂಳು ಕೂರದ ಜಾಗ ಒಂದೇ ಇತ್ತು. ಅದು ಅಂದಾಜು ಮೇಜು. ಗೋಡೆಗೆ, ನೆಲಕ್ಕೆ, ಮೇಜಿನ ಮೇಲಕ್ಕೆ ಅಂಟಿಸುವ ಬಣ್ಣದ ಬಿಲ್ಲೆಗಳನ್ನು ಕತ್ತರಿಸಿ, ಅಂಚು ತೀಡಿ, ಪೆಟ್ಟಿಗೆಗೆ ತುಂಬಿ ಕಳಿಸುವ ಕೆಲಸ ಅಲ್ಲಿಯದು. ಗಾಜಿನ ಪುಡಿ, ಪಿಂಗಾಣಿ ಪುಡಿ, ಚೌಕಟ್ಟು ಮಾಡುವ ಮೂಲೆಯಿಂದ ಮರದ ಪುಡಿ, ಮೂರೂ ಒಂದಾಗಿ ಗಾಳಿಯಲ್ಲೇ ಸಂಸಾರ ಹೂಡಿದ್ದವು. ಅಂದಾಜು ಮೇಜಿಗೆ ಮಾತ್ರ ಬೇರೆ ಕೋಣೆ, ಅದರೊಳಗೊಂದು ಹಳೇ ಕಂಪ್ಯೂಟರು. ಎಷ್ಟು ಬಿಲ್ಲೆ ಬೇಕು, ಎಷ್ಟು ಪೆಟ್ಟಿಗೆ ಆಗುತ್ತೆ ಎಂದು ಗಿರಾಕಿಗೆ ಲೆಕ್ಕ ಹಾಕಿ ಹೇಳುವವರು ಕೂರುವ ಜಾಗ. ಅಲ್ಲಿ ಕೂತಿದ್ದ ಮುದುಕರು ಕೆಲಸ ಬಿಟ್ಟು ಮಗಳ ಮನೆ ಸೇರಿದ ಮೇಲೆ ಕುರ್ಚಿ ಖಾಲಿ ಬಿದ್ದಿತ್ತು.

ಸಾಣೆಯ ಮುಂದೆ ಕೂತು ಅಂಚು ತೀಡುವ ಹೆಂಗಸಿಗೆ ಆ ಕುರ್ಚಿಯ ಮೇಲೆ ಕಣ್ಣು. ಮೇಲೇರುವ ಆಸೆಯಿಂದಲ್ಲ, ಕೆಮ್ಮಿನಿಂದ. ಡಾಕ್ಟರು ಅವಳ ಎದೆಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನು ಧೂಳು ಬೇಡಮ್ಮ. ಕಡಿಮೆ ಮಾಡಿ ಅಂತಲ್ಲ ನಾನು ಹೇಳ್ತಿರೋದು. ಬೇಡ," ಎಂದಿದ್ದರು.

"ಧೂಳು ಬೇಡ ಅಂದ್ರೆ ಕೆಲಸಾನೇ ಬೇಡ ಅಂದಂಗಾಯ್ತಲ್ಲ ಡಾಕ್ಟ್ರೇ."

"ಅದನ್ನ ನಿಮ್ಮ ಕಾರ್ಖಾನೆಯವರ ಹತ್ರ ಮಾತಾಡಿ," ಎಂದು ಡಾಕ್ಟರು ಮುಂದಿನವರನ್ನು ಒಳಗೆ ಕರೆದಿದ್ದರು.

ಈ ಹೆಂಗಸನ್ನು ಇಡೀ ಕಾರ್ಖಾನೆ 'ಅತ್ತಿಗೆ' ಎಂದೇ ಕರೆಯುತ್ತಿತ್ತು. ಅವಳ ಗಂಡನ ತಂಗಿ ಅಲ್ಲೇ ಮರಗೆಲಸಕ್ಕಿದ್ದಳು. ಬಿಲ್ಲೆ ಕೂರಿಸುವ ಚೌಕಟ್ಟುಗಳೆಲ್ಲ ಅವಳ ಕೈಯವು. ದಿನಕ್ಕೆ ನೂರು ಸಲ ಆ ಮೂಲೆಯಿಂದ "ಅತ್ತಿಗೇ" ಎಂದು ಅವಳು ಕೂಗುವುದನ್ನು ಕೇಳಿ ಕೇಳಿ ಪ್ಯಾಕಿಂಗಿನವರು, ಲಾರಿಯವರು, ಕೊನೆಗೆ ವಯಸ್ಸಿನಲ್ಲಿ ಹಿರಿಯರಾದ ಮಾಲೀಕರೂ ಅದನ್ನೇ ಹಿಡಿದುಕೊಂಡರು. ಗಂಡ ಸರಕಿನ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬರುವವನು. ಹಾಗಾಗಿ ಅತ್ತಿಗೆ ನಾದಿನಿಯರೇ ಒಬ್ಬರಿಗೊಬ್ಬರು ಸಂಸಾರ, ಒಬ್ಬರಿಗೊಬ್ಬರು ಜಗಳ.

ಮಾಲೀಕರಿಗೂ ಬೆನ್ನ ಹಿಂದೆ ಒಂದು ಹೆಸರಿತ್ತು: 'ಆಮೇಲೆ'. ಏನು ಕೇಳಿದರೂ "ಆಮೇಲೆ ನೋಡೋಣ" ಎನ್ನುತ್ತಿದ್ದರು. ಕೆಟ್ಟವರಲ್ಲ. ಇಲ್ಲ ಎನ್ನಲು ನಾಲಿಗೆ ಬಾರದವರು.

ಅತ್ತಿಗೆ ಕುರ್ಚಿ ಕೇಳಿದಾಗಲೂ ಅವರು ಅದನ್ನೇ ಹೇಳಬೇಕಿತ್ತು. ಆದರೆ ಅದೇ ಹೊತ್ತಿಗೆ ಇವರ ಬಿಲ್ಲೆಗಳನ್ನು ಕೊಂಡು ಮಾರುವ ಷೋರೂಮಿನ ಮೇಡಂ ಒಂದು ಪ್ರಶ್ನೆ ಕಳಿಸಿದ್ದರು. ಆ ಪ್ರಶ್ನೆ ಮಾಲೀಕರ ಹೊಟ್ಟೆಯಲ್ಲಿ ಅರಗದೆ ಕೂತಿತ್ತು.

"ಕೇಳಿ ಅತ್ತಿಗೆ. ಪೆಟ್ಟಿಗೆಯಲ್ಲಿ ಬಿಲ್ಲೆ ತುಂಬಿ ಮಾರ್ತಾರಂತೆ. ತಗೊಂಡವರು ಒಂದೂ ಉಳಿಸದೆ, ಒಂದೂ ಮುರಿಯದೆ ಸಾಲು ಸಾಲಾಗಿ ಅಂಟಿಸಬೇಕು. ಒಬ್ಬರಿಗೆ ಅಗಲ ಬೇಕು, ಒಬ್ಬರಿಗೆ ಎತ್ತರ ಬೇಕು. ಒಂದು ಪೆಟ್ಟಿಗೆಯಲ್ಲಿ ಎಷ್ಟು ಬಿಲ್ಲೆ ಇಟ್ರೆ ಅತಿ ಹೆಚ್ಚು ಆಕಾರ ಬರುತ್ತೆ? ಐವತ್ತರ ಮೇಲೆ ಹೋಗೋ ಹಾಗಿಲ್ಲ, ಪೆಟ್ಟಿಗೆ ಎತ್ತೋಕಾಗಲ್ಲ."

"ಅಷ್ಟೇನಾ ಸಾರ್?"

"ಅಷ್ಟೇ ಆಗಿದ್ರೆ ನಾನೇ ಹೇಳ್ತಿದ್ದೆ. ಇನ್ನೊಂದಿದೆ. ಈಜುಕೊಳದ ಗೋಡೆಗೆ ಉಗುರಿನಷ್ಟು ಗಾಜಿನ ಬಿಲ್ಲೆ. ಒಂದೇ ಸಲ ಕುಲುಮೆಗೆ ಹಾಕಿ ತೆಗೀಬೇಕು, ಎರಡನೇ ಸಲ ಹಾಕಿದ್ರೆ ಬಣ್ಣ ಕೂಡಲ್ಲ. ಕೊಳದ ಅಳತೆ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಹತ್ತು ಲಕ್ಷದೊಳಗೆ ಯಾವ ಸಂಖ್ಯೆ ತೆಗೆದರೆ ಅತಿ ಹೆಚ್ಚು ಆಕಾರಕ್ಕೆ ಒಗ್ಗುತ್ತೆ ಅಂತ ಕೇಳ್ತಾರೆ. ಎರಡಕ್ಕೂ ಉತ್ತರ ಹೇಳಿ, ಕುರ್ಚಿ ತಗೊಳ್ಳಿ. ಇಲ್ಲಾಂದ್ರೆ ಹೊರಗಿನಿಂದ ಯಾರನ್ನಾದ್ರೂ ತರ್ತೀನಿ."

ಅತ್ತಿಗೆ ಒಪ್ಪಿಕೊಂಡಳು. ಒಪ್ಪಿಕೊಳ್ಳಲು ಧೈರ್ಯ ಬಂದದ್ದು ಗ್ರಂಥಾಲಯದಿಂದ. ಅಲ್ಲಿ ಸಂಜೆ ಹೊತ್ತು ಪುಕ್ಕಟೆಯಾಗಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು. ಅವಳು ಮೊದಲು ಹೋಗಿ ಕೂತದ್ದು ಕಲಿಯಲಿಕ್ಕಲ್ಲ, ಆ ಕೋಣೆಯಲ್ಲಿ ಉಸಿರಾಟ ಸಲೀಸು ಎಂದು. ಕೂತ ಮೇಲೆ ಸುಮ್ಮನೆ ಕೂರುವುದು ಹೇಗೆ? ಕಂಪ್ಯೂಟರಿಗೆ ಒಂದು ಕೆಲಸ ಹೇಳಿಕೊಟ್ಟರೆ ಅದು ಬೇಸರಿಸದೆ ಲಕ್ಷ ಸಲ ಮಾಡುತ್ತದೆ ಎಂದು ತಿಳಿದ ದಿನ ಅವಳಿಗೆ ತನ್ನ ಸಾಣೆ ನೆನಪಾಗಿ ನಗು ಬಂದಿತ್ತು. ತನಗಿಂತ ದಡ್ಡ ಕೂಲಿ ಇನ್ನೊಬ್ಬ ಇದ್ದಾನಲ್ಲ ಎಂದು.

ಪ್ರಶ್ನೆಯನ್ನು ಅವಳು ತನ್ನ ಮಾತಿಗೆ ಇಳಿಸಿಕೊಂಡಳು. ಹನ್ನೆರಡು ಬಿಲ್ಲೆ ಇದ್ದರೆ ಒಂದು ಸಾಲು, ಎರಡು ಸಾಲು, ಮೂರು ಸಾಲು, ನಾಲ್ಕು, ಆರು, ಹನ್ನೆರಡು ಸಾಲು. ಒಟ್ಟು ಆರು ಬಗೆ. ಐದು ಸಾಲಿಗೆ ಹಾಕಿದರೆ ಎರಡು ಬಿಲ್ಲೆ ಕೈಯಲ್ಲೇ ಉಳಿಯುತ್ತವೆ. ಅಂದರೆ ಹನ್ನೆರಡನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟೋ ಅಷ್ಟು ಆಕಾರ. ಶಾಲೆಯಲ್ಲಿ ಅದಕ್ಕೆ ಭಾಜಕ ಎನ್ನುತ್ತಿದ್ದರು. ಮೂವತ್ತು ವರ್ಷದ ಹಿಂದೆ ಕೇಳಿದ ಪದ. ಎಲ್ಲೋ ಕಂಡ ನೆಂಟರ ಹಾಗೆ, ಮುಖ ಗೊತ್ತು, ಸಂಬಂಧ ಮರೆತಿದೆ.

ಮೊದಲ ಪ್ರೋಗ್ರಾಂ ಬರೆಯಲು ಕಷ್ಟವಾಗಲಿಲ್ಲ. ಒಂದು ಸಂಖ್ಯೆ ತಗೋ. ಒಂದರಿಂದ ಆ ಸಂಖ್ಯೆಯವರೆಗೆ ಪ್ರತಿಯೊಂದರಿಂದಲೂ ಭಾಗಿಸಿ ನೋಡು. ಶೇಷ ಸೊನ್ನೆ ಬಂದರೆ ಎಣಿಕೆಗೆ ಒಂದು ಸೇರಿಸು. ಆಮೇಲೆ ಮುಂದಿನ ಸಂಖ್ಯೆಗೆ ಹೋಗು. ಐವತ್ತರ ಪ್ರಶ್ನೆ ಸಣ್ಣದು, ಅದನ್ನು ಯಾವಾಗ ಬೇಕಾದರೂ ಕೇಳಬಹುದು ಎಂದುಕೊಂಡು ಅವಳು ನೇರವಾಗಿ ಹತ್ತು ಲಕ್ಷವನ್ನೇ ಕೇಳಿ, ಬೆಳಿಗ್ಗೆ ಅಂದಾಜು ಕೋಣೆಯ ಕಂಪ್ಯೂಟರಿಗೆ ಹಚ್ಚಿ ಸಾಣೆಗೆ ಹೋದಳು.

ಮಧ್ಯಾಹ್ನ ಬಂದು ನೋಡಿದರೆ ಓಡುತ್ತಲೇ ಇತ್ತು. ಸಂಜೆಯೂ ಓಡುತ್ತಿತ್ತು. ಮೂರು ಲಕ್ಷದ ಚಿಲ್ಲರೆ ತಲುಪಿತ್ತು ಅಷ್ಟೇ, ಮುಂದೆ ಹೋದಷ್ಟೂ ಹೆಜ್ಜೆ ಭಾರವಾಗುತ್ತಿತ್ತು. ಮಾಲೀಕರು ಎಂದಿನಂತೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸಿದರು. ಒಂದು ದಿನದ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತಲಾಯಿತು.

"ಸಾರ್, ಅದು ಓಡ್ತಿತ್ತು."

"ಏನು ಓಡ್ತಿತ್ತು?"

"ಲೆಕ್ಕ."

"ಹೌದಾ? ಸದ್ದೇ ಇರಲಿಲ್ಲವಲ್ಲ," ಎಂದರು ಮಾಲೀಕರು. ಅವರ ಪ್ರಕಾರ ಓಡುವ ಯಂತ್ರ ಎಂದರೆ ಕಿವಿಗೆ ಕೇಳಬೇಕು.

ಮರುದಿನ ಊಟದ ಬಿಡುವಿನಲ್ಲಿ ಅತ್ತಿಗೆ ಮರಗೆಲಸದ ಮೂಲೆಗೆ ಹೋಗಿ ಕೂತಳು. ನಾದಿನಿ ಪಟ್ಟಿಗಳನ್ನು ಅಳೆದು ಕತ್ತರಿಸಿ ಗೋಡೆಗೆ ಒರಗಿಸುತ್ತಿದ್ದಳು.

"ಯಾಕೆ ಅತ್ತಿಗೆ, ಮುಖ ಸುಟ್ಟ ಬಲ್ಬಿನ ಹಾಗಿದೆ?"

"ಅದು ಒಂದೊಂದನ್ನೂ ಕೊನೇವರೆಗೂ ಭಾಗಿಸಿ ನೋಡುತ್ತೆ ಕಣೆ. ಹತ್ತು ಲಕ್ಷಕ್ಕೆ ಹತ್ತು ಲಕ್ಷ ಸಲ. ಎಲ್ಲಿ ಮುಗಿಯುತ್ತೆ?"

"ಕೊನೇವರೆಗೂ ಯಾಕೆ ನೋಡ್ಬೇಕು?" ನಾದಿನಿ ಪೆನ್ಸಿಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿದಳು. "ನಾಲ್ಕಕ್ಕೊಂಬತ್ತು ಅಳತೆ ತಗೊಂಡ ಮೇಲೆ ಒಂಬತ್ತಕ್ಕೆ ನಾಲ್ಕು ಅಂತ ಮತ್ತೆ ಟೇಪು ಹಿಡೀತೀನಾ ನಾನು? ಅದೇ ಪಟ್ಟಿ ತಿರುಗಿಸಿ ಹೊಡೀತೀನಿ. ನಿಂತದ್ದೊಂದು, ಮಲಗಿದ್ದೊಂದು. ಒಂದು ಅಳತೆಗೆ ಎರಡು ಫ್ರೇಮು. ನಿಮ್ಮ ಕಂಪ್ಯೂಟರಿಗೆ ಅಷ್ಟೂ ಬುದ್ಧಿ ಇಲ್ವಾ?"

ಅತ್ತಿಗೆ ಕೈತುತ್ತನ್ನು ಬಾಯಿಗಿಡದೆ ಹಾಗೇ ಕೂತಳು. ನಿಜ. ಮೂವತ್ತಾರಕ್ಕೆ ನಾಲ್ಕು ಸಿಕ್ಕರೆ ಒಂಬತ್ತು ಪುಕ್ಕಟೆ. ಮೂರು ಸಿಕ್ಕರೆ ಹನ್ನೆರಡು ಪುಕ್ಕಟೆ. ಚಿಕ್ಕ ಬದಿ ದೊಡ್ಡದಾಗುತ್ತಾ, ದೊಡ್ಡ ಬದಿ ಚಿಕ್ಕದಾಗುತ್ತಾ ಎರಡೂ ಒಂದು ಕಡೆ ಎದುರಾಗುತ್ತವೆ. ಅಲ್ಲಿಂದಾಚೆ ಹೋದರೆ ಕಂಡವರನ್ನೇ ಮತ್ತೆ ಕಂಡ ಹಾಗೆ. ಮೂವತ್ತಾರಕ್ಕೆ ಆರರಲ್ಲಿ ನಿಲ್ಲಬಹುದು. ಹತ್ತು ಲಕ್ಷಕ್ಕೆ ಬರೀ ಸಾವಿರದಲ್ಲಿ ನಿಲ್ಲಬಹುದು.

"ನೀನು ಇಷ್ಟು ದಿನ ಎಲ್ಲಿದ್ದೆ?"

"ಇಲ್ಲೇ. ನಿಮ್ಮ ಗಂಡನ ಸಂಸಾರದಲ್ಲಿ ನನ್ನ ಮಾತು ಯಾರು ಕೇಳ್ತಾರೆ ಅಂತ ಸುಮ್ಮನಿದ್ದೆ."

"ನನಗೆ ಗಂಡ ಆಗೋಕೆ ಮೊದಲೇ ನಿನಗೆ ಅಣ್ಣ ಕಣೆ ಅವನು."

"ಅದನ್ನ ನೀವು ನೆನಪಿಟ್ಕೊಂಡಿದ್ರೆ ಸಾಕು."

ಆ ಮಧ್ಯಾಹ್ನವೇ ಅತ್ತಿಗೆ ಪ್ರೋಗ್ರಾಂ ತಿದ್ದಿದಳು. ಹಳೆಯದನ್ನು ಬೇರೆ ಇಟ್ಟುಕೊಳ್ಳಲಿಲ್ಲ, ಅದರ ಮೇಲೇ ಬರೆದಳು. ಎರಡು ಬದಿ ಎದುರಾಗುವವರೆಗೆ ಮಾತ್ರ ನೋಡು; ಒಂದು ಸಿಕ್ಕರೆ ಎಣಿಕೆಗೆ ಎರಡು ಸೇರಿಸು. ಬರೆಯುವಾಗ ಒಮ್ಮೆ ಕೈ ನಿಂತಿತು. ಆರಕ್ಕಾರು ಇದ್ದಾಗ? ಅವಳು ಎದ್ದು ಹೋಗಿ ಕೇಳಿದಳು.

"ಚೌಕದ ಫ್ರೇಮು ಎಷ್ಟು ಹೊಡೀತೀಯ?"

"ಎರಡು. ಯಾವಾಗಲೂ ಎರಡೇ. ಪಕ್ಕದ ಪಟ್ಟಿ ಪೂರ್ತಿ ಉದ್ದ ಬಿಟ್ರೆ ನಿಂತದ್ದು, ಮೇಲಿನ ಪಟ್ಟಿ ಉದ್ದ ಬಿಟ್ರೆ ಮಲಗಿದ್ದು. ನಂಗೆ ಕಲಿಸಿದೋರು ಹಂಗೇ ಕಲಿಸಿದ್ದು."

ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಅಲ್ಲಿ ಚೌಕಟ್ಟು ಎಂದರೆ ಜೋಡಿ. ಪ್ಯಾಕಿಂಗಿನವರು ಜೋಡಿ ಲೆಕ್ಕದಲ್ಲೇ ಹಗ್ಗ ಕಟ್ಟುತ್ತಿದ್ದರು, ಲಾರಿಯವನು ಜೋಡಿ ಲೆಕ್ಕದಲ್ಲೇ ಏರಿಸುತ್ತಿದ್ದ. ಅತ್ತಿಗೆಯ ಕೈ ಮುಂದಕ್ಕೆ ಹೋಯಿತು. ಎರಡು ಸೇರಿಸು.

ಈ ಸಲ ಅವಳು ಚಹಾ ಕುಡಿದು, ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಹತ್ತು ಲಕ್ಷದ ಉತ್ತರ ಪರದೆಯ ಮೇಲಿತ್ತು. ಏಳು ಲಕ್ಷದ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು. ಇನ್ನೂರ ನಲವತ್ತು ಆಕಾರ. ಐವತ್ತರೊಳಗಿನದನ್ನು ಕೇಳಿದಳು. ಬೆರಳು ತೆಗೆಯುವ ಮೊದಲೇ ಬಂತು: ಮೂವತ್ತಾರು, ಹತ್ತು ಆಕಾರ.

ಮಾಲೀಕರು ಷೋರೂಮಿಗೆ ಫೋನು ಮಾಡಿದರು. ಮೇಡಂ ತಮ್ಮ ಮುದ್ರಣದವರಿಗೆ ಮೂವತ್ತಾರರ ಪೆಟ್ಟಿಗೆಗೆ ಅಚ್ಚು ಹಾಕಲು ಹೇಳಿದರು. ಗೋಡೆಯ ಮೇಲೆ ತೂಗುಹಾಕಲು ಹತ್ತು ಆಕಾರದ ಮಾದರಿಗಳನ್ನೂ ಕೇಳಿದರು. ನಾದಿನಿ ಹತ್ತು ಚೌಕಟ್ಟು ಹೊಡೆದಳು, ಅತ್ತಿಗೆ ಬಿಲ್ಲೆ ಕೂರಿಸಿದಳು. ಹತ್ತೂ ಸಾಲಾಗಿ ಗೋಡೆಗೆ ಒರಗಿ ನಿಂತಾಗ ಮಾಲೀಕರು ಎರಡು ಸಲ ಎಣಿಸಿ, "ಸರಿಯಾಗಿದೆ," ಎಂದರು. ಸರಿಯಾಗಿರಲಿಲ್ಲ. ಆದರೆ ಅಲ್ಲಿ ನಿಂತಿದ್ದ ಯಾರ ಕಣ್ಣಿಗೂ ಅದು ಕಾಣುವ ಹಾಗಿರಲಿಲ್ಲ.

ಮೇಡಂ ಬಂದರು. ದಪ್ಪ ಕನ್ನಡಕ, ಸವೆದ ಚಪ್ಪಲಿ, ಕೈಚೀಲದಲ್ಲಿ ಸದಾ ಒಂದು ಅಳತೆ ಟೇಪು. ಯಾವುದನ್ನೂ ಮುಟ್ಟದೆ ಎಣಿಸುವವರಲ್ಲ. ಮೊದಲ ಚೌಕಟ್ಟಿನಿಂದ ಶುರುಮಾಡಿ ಒಂದೊಂದರ ತಲೆ ತಟ್ಟುತ್ತಾ ಬಂದವರು ಒಂಬತ್ತರಲ್ಲಿ ನಿಂತರು.

"ಇದು ಇನ್ನೊಂದು ಸಲ ಯಾಕಿದೆ?"

"ಯಾವುದು ಮೇಡಂ?"

"ಆರಕ್ಕಾರು. ಅಲ್ಲೂ ಇದೆ, ಇಲ್ಲೂ ಇದೆ."

"ಅದು ನಿಂತದ್ದು ಮೇಡಂ. ಇದು ಮಲಗಿದ್ದು," ಎಂದಳು ನಾದಿನಿ.

ಮೇಡಂ ಎರಡನ್ನೂ ಎತ್ತಿ ಒಂದರ ಮೇಲೊಂದು ಇಟ್ಟರು. ಅಂಚಿಗೆ ಅಂಚು ಕೂತಿತು. ನಾಲ್ಕು ದಿಕ್ಕಿಗೂ ತಿರುಗಿಸಿದರು, ಆಗಲೂ ಕೂತಿತು. "ಚೌಕ ಎಲ್ಲಾದ್ರೂ ಮಲಗುತ್ತೇನಮ್ಮ?"

ಪ್ಯಾಕಿಂಗಿನ ಕಡೆ ಯಾರೋ ಕಿಸಕ್ಕನೆ ನಕ್ಕರು. ಇಷ್ಟು ವರ್ಷ ಹೊಡೆದ ಚೌಕಗಳೆಲ್ಲ ನಾದಿನಿಯ ಕಣ್ಣ ಮುಂದೆ ಒಮ್ಮೆ ಎದ್ದು ನಿಂತು ಮಲಗಿದವೋ ಏನೋ.

ಮಾಲೀಕರು ಮಧ್ಯೆ ಬಂದರು. "ಲೆಕ್ಕ ಸರಿಯಾಗೇ ಇದೆ ಮೇಡಂ. ಮರಗೆಲಸದಲ್ಲಿ ಒಂದು ಜಾಸ್ತಿ ಆಗಿದೆ, ಅಷ್ಟೇ."

"ಹೌದು ಮೇಡಂ, ನಂದೇ ಕೈತಪ್ಪು," ಎಂದಳು ನಾದಿನಿ, ತಡಮಾಡದೆ. ಹೇಳಿ ಅತ್ತಿಗೆಯ ಕಡೆ ಒಂದು ನೋಟ ಬಿಟ್ಟಳು. ಸುಮ್ಮನಿರಿ ಎನ್ನುವ ನೋಟ. ಮರಗೆಲಸದವಳನ್ನು ಒಂದು ಚೌಕಟ್ಟಿಗಾಗಿ ಯಾರೂ ಬಿಡಿಸುವುದಿಲ್ಲ. ಅವಳ ಎದೆಯೂ ಗಟ್ಟಿ, ಜಾಗವೂ ಗಟ್ಟಿ. ಈ ತಪ್ಪನ್ನು ಅವಳು ಆರಾಮಾಗಿ ಹೊರಬಲ್ಲಳು.

ಅತ್ತಿಗೆ ಸುಮ್ಮನಿದ್ದರೆ ಕೆಲಸ ಮುಗಿದಿತ್ತು. ಕುರ್ಚಿ ಹತ್ತು ಹೆಜ್ಜೆ ದೂರದಲ್ಲಿತ್ತು. ಆದರೆ ಅವಳ ತಲೆ ಆಗಲೇ ಬೇರೆ ದಾರಿ ಹಿಡಿದಿತ್ತು. ಮೂವತ್ತಾರಕ್ಕೆ ಒಂಬತ್ತೇ ಆದರೆ ಅದು ಗೆದ್ದದ್ದು ಹೇಗೆ? ಹತ್ತು ಎಂದು ಸುಳ್ಳು ಎಣಿಕೆ ಬಂದಿದ್ದರಿಂದ. ಎಣಿಕೆ ಸಮ ಬಂದರೆ ಪ್ರೋಗ್ರಾಂ ಮೊದಲು ಸಿಕ್ಕಿದ್ದನ್ನೇ ಹಿಡಿಯುತ್ತಿತ್ತು; ಹಾಗಾದರೆ ನಿಜವಾಗಿ ಹತ್ತು ಇರುವುದು ಹಿಂದೆ ಉಳಿದಿರಬೇಕು. ಅವಳು ಬೆರಳು ಮಡಿಸಿದಳು. ನಲವತ್ತೆಂಟು. ಒಂದು, ಎರಡು, ಮೂರು, ನಾಲ್ಕು, ಆರು. ಅವಕ್ಕೆ ಜೋಡಿಯಾಗಿ ಎಂಟು, ಹನ್ನೆರಡು, ಹದಿನಾರು, ಇಪ್ಪತ್ತನಾಲ್ಕು, ನಲವತ್ತೆಂಟು. ಹತ್ತು. ಅಲ್ಲಿ ಚೌಕವಿಲ್ಲ, ಎಲ್ಲಕ್ಕೂ ಜೋಡಿಯಿದೆ.

"ಮೇಡಂ, ತಪ್ಪು ಫ್ರೇಮಿಂದಲ್ಲ," ಎಂದಳು. ಮಧ್ಯೆ ಕೆಮ್ಮು ಬಂದು ನಿಲ್ಲಿಸಬೇಕಾಯಿತು. "ನಾನು ಬರೆದದ್ದೇ ತಪ್ಪು. ಚೌಕವನ್ನ ಎರಡು ಸಲ ಎಣಿಸಿದ್ದೀನಿ. ನಿಮಗೆ ಬೇಕಾದದ್ದು ಮೂವತ್ತಾರಲ್ಲ, ನಲವತ್ತೆಂಟು."

ಮೇಡಂ ಟೇಪನ್ನು ಕೈಚೀಲಕ್ಕೆ ಹಾಕಿಕೊಂಡರು. "ಪೆಟ್ಟಿಗೆಯ ಅಚ್ಚು ನಿಲ್ಲಿಸ್ಬೇಕು ಹಾಗಾದ್ರೆ," ಎಂದು ಫೋನು ಹಿಡಿದು ಹೊರಗೆ ಹೋದರು. ತಿರುಗಿ ಬಂದು, "ನಿಲ್ತು. ನನ್ನ ಅದೃಷ್ಟ. ಕೊಳದ ಲೆಕ್ಕ ನಾಳೆ ಮಧ್ಯಾಹ್ನ ಫೋನಲ್ಲಿ ಕೇಳ್ತೀನಿ. ಈ ಸಲ ಖಚಿತವಾಗಿ ಹೇಳೋದಾದ್ರೆ ಹೇಳಿ, ಇಲ್ಲಾಂದ್ರೆ ಬೇರೆ ಕಡೆ ಕೇಳ್ಕೋತೀನಿ," ಎಂದು ಹೊರಟರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಮಾಲೀಕರಿಗೆ ಸಮಾಧಾನ ಹೇಳಲು ಏನಾದರೂ ಸಿಗುತ್ತಿತ್ತು.

ಅವರು ಹೋದ ಮೇಲೆ ನಾದಿನಿ ಅತ್ತಿಗೆಯನ್ನು ಮೂಲೆಗೆ ಎಳೆದಳು. "ನಾನು ಹೇಳಿದ್ನಲ್ಲ ನಂದು ಅಂತ. ನಿಮಗೆ ಬಾಯಿ ಯಾಕೆ ಬಂತು?"

"ನಿಂದಲ್ಲ ಅದಕ್ಕೆ."

"ಎರಡು ಅಂತ ಹೇಳಿದ್ದು ನಾನೇ ಅಲ್ವಾ?"

"ನಿನ್ನ ಕೇಳಿದ್ದು ಮರದ ವಿಷಯ. ಬರೆದದ್ದು ನಾನು."

"ದೊಡ್ಡ ಸತ್ಯವಂತೆ. ಸಾಣೆ ಮುಂದೆ ಕೂತು ಸತ್ಯ ಕೆಮ್ಮಿ ಹೋಗಿ," ಎಂದು ನಾದಿನಿ ಸುತ್ತಿಗೆ ಎತ್ತಿಕೊಂಡು ಬೆನ್ನು ತಿರುಗಿಸಿದಳು. ಆ ದಿನವೆಲ್ಲ ಮೊಳೆಗಳು ಎಂದಿಗಿಂತ ಜೋರಾಗಿ ಏಟು ತಿಂದವು.

ತಿದ್ದುವುದು ಒಂದೇ ಸಾಲಿನ ಕೆಲಸ. ಎರಡು ಬದಿ ಒಂದೇ ಆಗಿದ್ದರೆ ಒಂದು ಸೇರಿಸು, ಇಲ್ಲದಿದ್ದರೆ ಎರಡು ಸೇರಿಸು. ಐವತ್ತಕ್ಕೆ ಈಗ ನಲವತ್ತೆಂಟು ಬಂತು. ಹತ್ತು ಲಕ್ಷಕ್ಕೆ ಮೊದಲು ಬಂದ ಸಂಖ್ಯೆಯೇ ಮತ್ತೆ ಬಂತು. ಅತ್ತಿಗೆ ಮಾಲೀಕರನ್ನು ಕರೆದು ತೋರಿಸಿದಳು.

ಮಾಲೀಕರು ಪರದೆಯನ್ನು ನೋಡಿದರು, ಅವಳನ್ನು ನೋಡಿದರು. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ತಪ್ಪಿದ್ದಾಗಲೂ ಇದು ಇದನ್ನೇ ಹೇಳ್ತು. ಸರಿಮಾಡಿದ ಮೇಲೂ ಇದನ್ನೇ ಹೇಳ್ತಿದೆ. ನಾನು ಏನಂತ ನಂಬಲಿ?"

"ದೊಡ್ಡದರಲ್ಲಿ ಆ ತಪ್ಪು ಅಡ್ಡ ಬಂದಿಲ್ಲ ಸಾರ್, ಅಷ್ಟೇ."

"ಅದನ್ನೂ ನೀವೇ ಹೇಳ್ತಿದ್ದೀರಿ. ಬೇರೆ ಯಾರಾದ್ರೂ ಹೌದು ಅನ್ಬೇಕಲ್ಲ." ಅವರು ತಲೆ ಕೆರೆದುಕೊಂಡರು. "ನಾಳೆ ಮಧ್ಯಾಹ್ನದ ತನಕ ನೋಡ್ತೀನಿ. ಆಮೇಲೆ ಹೊರಗಿನವರಿಗೆ ಹೇಳಿಬಿಡ್ತೀನಿ."

ಅವರ ಮಾತು ನ್ಯಾಯವಾಗಿತ್ತು, ಅದೇ ಕಷ್ಟ. ಬೇರೆ ಯಾರಿದ್ದಾರೆ ಹೌದು ಎನ್ನಲು? ಗ್ರಂಥಾಲಯದಲ್ಲಿ ಆ ವಾರ ತರಗತಿ ಇರಲಿಲ್ಲ. ಮೊದಲ ಪ್ರೋಗ್ರಾಂ ನಿಧಾನವಾದರೂ ತಪ್ಪಿರಲಿಲ್ಲ. ಆದರೆ ಅದನ್ನು ಅಳಿಸಿಯಾಗಿತ್ತು, ಮತ್ತೆ ಬರೆದರೂ ಅದು ನಾಳೆಯೊಳಗೆ ಮುಗಿಯುವಂಥದ್ದಲ್ಲ. ಈಗಿನದನ್ನು ಎಷ್ಟು ಸಲ ಓಡಿಸಿದರೂ ಅದೇ ಬಾಯಿ, ಅದೇ ಸಾಕ್ಷಿ. ಬೇರೆ ದಾರಿಯಿಂದ ಬಂದವನೊಬ್ಬ ಅದೇ ಮನೆಯ ಬಾಗಿಲು ತಟ್ಟಬೇಕು, ಆಗ ನಂಬಬಹುದು.

ಬೆಳಿಗ್ಗೆ ಅವಳು ಸಾಣೆಯ ಪಕ್ಕ ಕೂತು ಬಿಲ್ಲೆಗಳನ್ನು ಬಣ್ಣ ಬೇರೆ ಮಾಡುತ್ತಿದ್ದಳು. ಮುಂದೆ ಖಾನೆಗಳ ತಟ್ಟೆ. ಐವತ್ತು ಖಾನೆ, ಒಂದೊಂದಕ್ಕೂ ಒಂದು ಅಂಕಿ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ತನ್ನ ಪಾಡಿಗೆ ಸುತ್ತುತ್ತಿತ್ತು. ಇಷ್ಟು ದಿನ ಅವಳು ಪ್ರತಿ ಸಂಖ್ಯೆಯ ಮನೆಗೂ ಹೋಗಿ, ನಿನ್ನನ್ನು ಯಾರು ಯಾರು ಭಾಗಿಸುತ್ತಾರೆ ಎಂದು ವಿಚಾರಿಸುತ್ತಿದ್ದಳು. ಮೂರು ಯಾರನ್ನು ಭಾಗಿಸುತ್ತದೆ ಎಂದು ಮೂರನ್ನೇ ಕೇಳಬಹುದಿತ್ತು. ಅದಕ್ಕೆ ಹುಡುಕಾಟವೇ ಬೇಡ. ಮೂರು, ಆರು, ಒಂಬತ್ತು, ಹನ್ನೆರಡು ಎಂದು ನೇರ ನಡೆದುಹೋಗುತ್ತದೆ.

ಅವಳು ತಟ್ಟೆಯನ್ನು ಖಾಲಿ ಮಾಡಿದಳು. ಒಂದರ ಹೆಸರಿನಲ್ಲಿ ಎಲ್ಲ ಖಾನೆಗೂ ಒಂದೊಂದು ಬಿಲ್ಲೆ ಹಾಕಿದಳು. ಎರಡರ ಹೆಸರಿನಲ್ಲಿ ಒಂದು ಬಿಟ್ಟು ಒಂದಕ್ಕೆ. ಮೂರರ ಹೆಸರಿನಲ್ಲಿ ಎರಡು ಬಿಟ್ಟು ಒಂದಕ್ಕೆ. ಮುಂದೆ ಹೋದಷ್ಟೂ ಹೆಜ್ಜೆ ಉದ್ದ, ಕೆಲಸ ಕಡಿಮೆ. ಇಪ್ಪತ್ತೈದು ದಾಟಿದ ಮೇಲೆ ಪ್ರತಿಯೊಂದೂ ತನ್ನ ಖಾನೆಗೊಂದು ಹಾಕಿ ಸುಮ್ಮನಾಯಿತು. ಯಾರೂ ಯಾರನ್ನೂ ಭಾಗಿಸಲಿಲ್ಲ, ಶೇಷ ನೋಡಲಿಲ್ಲ, ಜೋಡಿ ಹುಡುಕಲಿಲ್ಲ. ಆರು ಎನ್ನುವುದು ಮೂವತ್ತಾರನೇ ಖಾನೆಗೆ ಒಂದೇ ಸಲ ಬಂದು ಒಂದೇ ಬಿಲ್ಲೆ ಹಾಕಿ ಹೋಯಿತು. ಎರಡು ಸಲ ಬರಲು ಅದಕ್ಕೆ ದಾರಿಯೇ ಇರಲಿಲ್ಲ.

ಮೂವತ್ತಾರರಲ್ಲಿ ಎಣಿಸಿದಳು, ಒಂಬತ್ತು. ನಲವತ್ತೆಂಟರಲ್ಲಿ ಹತ್ತು.

ನಾದಿನಿ ಸಿಟ್ಟು ಮುರಿಯದ ಮುಖದಲ್ಲೇ ಹಿಂದೆ ಬಂದು ನಿಂತಿದ್ದಳು. "ಏನಿದು, ಬಣ್ಣ ಎಲ್ಲ ಕಲೆಸಿಟ್ಟಿದ್ದೀರಿ?"

"ಕಲೆಸಿಲ್ಲ ಕಣೆ. ನೋಡು, ಚೌಕ ತಾನಾಗೇ ಸರಿಹೋಯ್ತು."

"ಬಣ್ಣ ಯಾರು ಬೇರೆ ಮಾಡ್ತಾರೆ?"

"ನೀನು," ಎಂದು ಅತ್ತಿಗೆ ಎದ್ದು ಕಂಪ್ಯೂಟರಿನ ಕಡೆ ನಡೆದಳು. ನಾದಿನಿ ಗೊಣಗುತ್ತಾ ಕೂತಳು. ಗೊಣಗುವುದು ಶುರುವಾದರೆ ಅವಳ ಸಿಟ್ಟು ಇಳಿಯಿತೆಂದೇ ಲೆಕ್ಕ.

ಈ ಸಲ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸದು ಬರೆದಳು. ಹತ್ತು ಲಕ್ಷ ಖಾನೆಗಳ ಒಂದು ಸಾಲು, ಎಲ್ಲದರಲ್ಲೂ ಸೊನ್ನೆ. ಒಂದರಿಂದ ಶುರುಮಾಡಿ ಪ್ರತಿ ಸಂಖ್ಯೆಯೂ ತನ್ನ ಮಗ್ಗಿಯ ಹಾದಿಯಲ್ಲಿ ನಡೆದು ಖಾನೆಗೊಂದು ಹಾಕುತ್ತಾ ಹೋಗಲಿ. ಓಡಿಸಿದಳು. ಒಂದು ಸಲ ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಅದೇ ಸಂಖ್ಯೆ, ಅದೇ ಇನ್ನೂರ ನಲವತ್ತು. ಹಳೆಯದನ್ನೂ ಹೊಸದನ್ನೂ ಎದುರುಬದುರು ಕೂರಿಸಿ ಹತ್ತು ಲಕ್ಷ ಎಣಿಕೆಗಳನ್ನೂ ಒಂದಕ್ಕೊಂದು ತಾಳೆ ನೋಡಲು ಹೇಳಿದಳು. ಒಂದರಲ್ಲೂ ವ್ಯತ್ಯಾಸ ಇರಲಿಲ್ಲ.

ಮಧ್ಯಾಹ್ನ ಫೋನು ಬಂದಾಗ ಮಾಲೀಕರು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಅತ್ತಿಗೆ ಉತ್ತರ ಹೇಳಿದಳು. ಎರಡು ಬೇರೆ ಬೇರೆ ದಾರಿಯಲ್ಲಿ ನೋಡಿದೆ ಎಂದೂ ಹೇಳಿದಳು.

"ಅದು ಸರಿ," ಎಂದರು ಮೇಡಂ. "ಆದ್ರೆ ಕುಲುಮೆಯವರು ಈಗ ಹತ್ತು ಲಕ್ಷ ಆಗಲ್ಲ ಅಂತಿದಾರೆ. ಐದು ಲಕ್ಷದೊಳಗೆ ಆದ್ರೆ?"

ಮಾಲೀಕರು ಫೋನಿನ ಕಡೆ ಬಾಗಿ, ಸಂಜೆ ಹೇಳ್ತೀವಿ ಎನ್ನಲು ಹೊರಟರು. ಅಷ್ಟರಲ್ಲಿ ಅತ್ತಿಗೆ ಹೇಳಿಯಾಗಿತ್ತು. ಖಾನೆಗಳೆಲ್ಲ ತುಂಬಿಕೊಂಡೇ ಇದ್ದವು, ಎಲ್ಲಿಯವರೆಗೆ ನೋಡಬೇಕು ಎಂದು ತಿಳಿಸಿದರೆ ಸಾಕಿತ್ತು. "ನಾಲ್ಕು ಲಕ್ಷದ ತೊಂಬತ್ತೆಂಟು ಸಾವಿರದ ಒಂಬೈನೂರ ಅರವತ್ತು ಮೇಡಂ. ಇನ್ನೂರು ಆಕಾರ."

ಆ ಕಡೆ ಮೇಡಂ ಯಾರೊಡನೆಯೋ ಗುಸುಗುಸು ಮಾತಾಡಿದ್ದು ಕೇಳಿಸಿತು. "ಮೂರು ಲಕ್ಷ?"

"ಎರಡು ಲಕ್ಷದ ಎಪ್ಪತ್ತೇಳು ಸಾವಿರದ ಇನ್ನೂರು. ನೂರ ಎಂಬತ್ತು ಆಕಾರ."

"ಮೂರಕ್ಕೂ ಐದಕ್ಕೂ ಇಪ್ಪತ್ತು ಆಕಾರ ಮಾತ್ರ ವ್ಯತ್ಯಾಸನಾ?"

"ಅಷ್ಟೇ ಮೇಡಂ."

"ಹಾಗಾದ್ರೆ ಮೂರರೊಳಗಿಂದೇ ಸಾಕು. ಅದನ್ನೇ ಹಾಕಿಸ್ತೀನಿ," ಎಂದು ಮೇಡಂ ಫೋನಿಟ್ಟರು.

ಮಾಲೀಕರು ಕುರ್ಚಿಯ ಮೇಲೆ ಪೇರಿಸಿಟ್ಟಿದ್ದ ಹಳೇ ಮಾದರಿ ಹಲಗೆಗಳನ್ನು ತಾವೇ ಎತ್ತಿ ನೆಲಕ್ಕಿಟ್ಟರು. "ಕೂತ್ಕೊಳ್ಳಿ," ಎಂದರು. ಅತ್ತಿಗೆ ಅಷ್ಟು ಹೊತ್ತೂ ನಿಂತೇ ಇದ್ದಳು ಎಂಬುದು ಆಗ ಇಬ್ಬರಿಗೂ ಗೊತ್ತಾಯಿತು.

ಕುರ್ಚಿ ಸಿಕ್ಕಿತು. ಸಾಣೆ ಖಾಲಿಯಾಯಿತು. ಅಂಚು ತೀಡುವುದನ್ನು ನಿಲ್ಲಿಸುವ ಹಾಗಿರಲಿಲ್ಲ. ಹೊಸಬರು ಸಿಗುವ ತನಕ ಅರ್ಧ ದಿನ ಅಲ್ಲಿ ಕೂರಲು ಮಾಲೀಕರು ನಾದಿನಿಗೆ ಹೇಳಿದರು. ಅವಳು ಮೂಗಿಗೊಂದು ಬಟ್ಟೆ ಕಟ್ಟಿಕೊಂಡು, "ಏನ್ ಮಹಾ, ನನ್ನ ಎದೆ ತೇಗದ ಮರ," ಎಂದು ಹೋಗಿ ಕೂತಳು.

ಆ ವಾರದ ಕೊನೆಯಲ್ಲಿ ಗೋಡೆಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು. ಒಣ ಕೆಮ್ಮು, ಚಿಕ್ಕದು, ಕೆಮ್ಮಿದವರೇ ಗಮನಿಸದಂಥದು. ಅತ್ತಿಗೆಗೆ ಅದರ ಪರಿಚಯ ಚೆನ್ನಾಗಿತ್ತು. ಅವಳದೂ ಹಾಗೇ ಶುರುವಾಗಿತ್ತು.

ಅವಳು ಮಾಡುತ್ತಿದ್ದ ಪೆಟ್ಟಿಗೆಗಳ ಅಂದಾಜನ್ನು ಪಕ್ಕಕ್ಕಿಟ್ಟು ಹೊಸದೊಂದು ಮಾಡಿದಳು. ಸಾಣೆಯ ತಲೆಯ ಮೇಲೆ ಗಾಳಿ ಎಳೆಯುವ ದೊಡ್ಡ ಫ್ಯಾನು ಒಂದು. ಅದಕ್ಕೆ ತಗಡಿನ ಕೊಳವೆ. ಕೊಳವೆಯ ಬಾಯಿಗೆ ಧೂಳು ಹಿಡಿಯುವ ಚೀಲ. ತೂಗುಹಾಕಲು ಮರದ ಆಸರೆ, ಅದು ನಮ್ಮಲ್ಲೇ ಆಗುತ್ತದೆ. ಹೊರಗಿನ ಗಿರಾಕಿಗೆ ಮಾಡುವಷ್ಟೇ ಅಚ್ಚುಕಟ್ಟಾಗಿ ಮುದ್ರಿಸಿ ಮಾಲೀಕರ ಮುಂದಿಟ್ಟಳು.

ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. "ಗಿರಾಕಿ ಯಾರು?"

"ನಾವೇ ಸಾರ್."

"ಕೊಳವೆ ಇಷ್ಟುದ್ದ ಯಾಕೆ?"

"ಕಿಟಕಿ ತನಕ ಹೋಗ್ಬೇಕಲ್ಲ. ಅರ್ಧಕ್ಕೆ ಬಿಟ್ರೆ ಆ ಧೂಳನ್ನ ಪ್ಯಾಕಿಂಗಿನವರು ಕುಡೀತಾರೆ."

"ಅಷ್ಟು ದೂರ ಇದೆಯಾ ಕಿಟಕಿ?"

"ಅಳೆದು ನೋಡಿ."

ಮಾಲೀಕರು ಆಮೇಲೆ ನೋಡೋಣ ಎಂದು ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾರೆಂದು ಅವಳು ಕಾದಳು. ಅವರು ಮಡಿಸಲಿಲ್ಲ. ಎದ್ದು ಹೊರಗೆ ಹೋಗಿ ಸಾಣೆಯ ಹತ್ತಿರ ನಿಂತು, ಸೂರನ್ನು ನೋಡಿ, ಕಿಟಕಿಯನ್ನು ನೋಡಿ, ಕೈ ಚಾಚಿದರು. ನಾದಿನಿ ಸಾಣೆ ನಿಲ್ಲಿಸಿ, ಮೂಗಿನ ಬಟ್ಟೆ ಇಳಿಸಿ ತನ್ನ ಟೇಪು ಕೊಟ್ಟಳು. ಒಂದು ತುದಿಯನ್ನು ಸಾಣೆಯ ಮೇಲೆ ಅವಳೇ ಹಿಡಿದುಕೊಂಡಳು. ಇನ್ನೊಂದು ತುದಿ ಹಿಡಿದು ಮಾಲೀಕರು ಪೆಟ್ಟಿಗೆಗಳ ಮಧ್ಯೆ ದಾರಿ ಮಾಡಿಕೊಂಡು ಕಿಟಕಿಯ ಕಡೆ ನಡೆದರು.